ಸೋಮವಾರದ ನೀರು

ಉದಗೀರದ ಮೊಂಢಾದಲ್ಲಿ, ಅಂದರೆ ಕಾಳುಕಡಿ ಮಾರುವ ಪೇಟೆಯಲ್ಲಿ, ರೇವಣಸಿದ್ಧಪ್ಪನ ಬಗ್ಗೆ ಒಂದು ಮಾತಿದೆ. ಚೀಲ ಬಿಚ್ಚುವ ಮೊದಲೇ ತೊಗರಿ ಅವನಿಗೆ ತನ್ನ ಊರು ಹೇಳುತ್ತದಂತೆ. ಹೇಳುವವರ ದನಿಯಲ್ಲಿ ಹೊಗಳಿಕೆಯೂ ಇರುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಇರುತ್ತದೆ. ಮನುಷ್ಯ ಚೀಲದ ಪಕ್ಕ ನಿಂತು ಎರಡು ಸಲ ಅಂಗೈಯಿಂದ ತಟ್ಟುತ್ತಾನೆ, ಬಾಗಿ ಮೂಸುತ್ತಾನೆ, "ಇದು ಜಳಕೋಟ ಕಡೀದು, ಇನ್ನಾ ಹಸಿ ಅದ, ಎರಡ ದಿನ ಬಿಸಲಿಗಿ ಹಾಕ್ರಿ" ಅನ್ನುತ್ತಾನೆ. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತದೆ. ಆದರೆ ಈ ಕಥೆ ಅವನದಲ್ಲ, ಅವನ ಹೆಂಡತಿ ಶಿವಗಂಗಾಬಾಯಿಯದು. ಅವನದನ್ನೇ ಹೇಳೋಣವೆಂದರೆ ಅವನೀಗ ಹೇಗಿದ್ದಾನೆಂದು ಬಲ್ಲವರು ನಮ್ಮ ಕಡೆ ಯಾರೂ ಇಲ್ಲ.

ಶಿವಗಂಗಾಬಾಯಿ ಉಮರ್ಗಾ ತಾಲೂಕಿನ ದಾಳಿಂಬದವಳು. ಓದಿದ್ದು ಮರಾಠಿಯಲ್ಲಿ ಏಳನೆಯ ತರಗತಿ ತನಕ, ಬೈಯುವುದು ಕನ್ನಡದಲ್ಲಿ. ಹಠದ ಹೆಂಗಸು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಒಂದು ದಿನ ನಗುನಗುತ್ತಲೇ, "ದಾಳಿಂಬದ ಮಂದಿಗಿ ರೊಟ್ಟಿ ತಟ್ಲಕ್ಕ ಬರಂಗಿಲ್ಲ ನೋಡು" ಅಂದುಬಿಟ್ಟಳು. ಸೊಸೆ ಡಬ್ಬಿಯ ಹಿಟ್ಟನ್ನೆಲ್ಲ ಪರಾತಕ್ಕೆ ಸುರಿದು ಒಲೆಯ ಮುಂದೆ ಕುಳಿತವಳು ಎಪ್ಪತ್ತು ರೊಟ್ಟಿ ತಟ್ಟಿದ ಮೇಲೆಯೇ ಎದ್ದಳು. ಅವತ್ತು ಓಣಿಗೆಲ್ಲ ರೊಟ್ಟಿ ಹಂಚಬೇಕಾಯಿತು. ಅತ್ತೆ ಆಮೇಲೆ ಆ ಮಾತು ಎತ್ತಿದ್ದಿಲ್ಲ. ಇಂಥ ಹಠಕ್ಕೆ ಊರಲ್ಲಿ ಮೆಚ್ಚುಗೆಯೇ ಸಿಗುತ್ತದೆ, ಹಾಗಾಗಿ ಅದನ್ನು ಬಿಡುವ ಪ್ರಸಂಗ ಆಕೆಗೆ ಬಂದಿರಲಿಲ್ಲ.

ಆಕೆಯ ಸೋಮವಾರದ ನೇಮವೂ ಹಠದ್ದೇ. ಮದುವೆಯಾದ ನಾಲ್ಕನೆಯ ವರ್ಷ ಗೋದಾಮಿನಲ್ಲಿ ಪೇರಿಸಿಟ್ಟ ಚೀಲಗಳು ಜಾರಿ ರೇವಣಸಿದ್ಧಪ್ಪನ ಮೇಲೆ ಬಿದ್ದವು. ಲಾತೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಎಚ್ಚರವಿಲ್ಲದೆ ಮಲಗಿದ್ದ. ಹತ್ತನೆಯ ದಿನ, ಸೋಮವಾರ ಬೆಳಗ್ಗೆ, ಕಣ್ಣು ತೆರೆದವನು ಮೊದಲು ಕೇಳಿದ್ದು ಕೊರಳಲ್ಲಿನ ಲಿಂಗ ಎಲ್ಲಿ ಅಂತ. ಎಡಗೈಯಲ್ಲಿ ಲಿಂಗ ಇಟ್ಟುಕೊಟ್ಟಾಗ ಆ ಮುಖದಲ್ಲಿ ಮೂಡಿದ ಕಳೆಯನ್ನು ನೋಡಿ ಶಿವಗಂಗಾಬಾಯಿ ಅಲ್ಲೇ ಮನಸ್ಸಿನಲ್ಲಿ ಕಟ್ಟಿಕೊಂಡಳು: ಇನ್ನು ಬದುಕಿರುವ ತನಕ ಸೋಮವಾರ ದಿನ ಮಾಲಕರು ಅಂಗೈಯಲ್ಲಿ ಲಿಂಗ ಹಿಡಿದದ್ದನ್ನು ಕಣ್ಣಾರೆ ಕಾಣದೆ ಹನಿ ನೀರು ಕುಡಿಯುವುದಿಲ್ಲ. ನಮ್ಮ ಕಡೆ ಹೆಂಡಂದಿರು ಗಂಡನಿಗೆ ಮಾಲಕರು ಅನ್ನುತ್ತಾರೆ. ಹೆಸರು ಮಾತ್ರ ಹಾಗೆ. ಮನೆ ಯಾರು ನಡೆಸುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು.

ಮನೆಯಲ್ಲೇ ಇದ್ದ ಗಂಡನನ್ನು ಬೆಳಗ್ಗೆ ಏಳಕ್ಕೆ ನೋಡುವುದೇನು ಕಷ್ಟ? ಇಪ್ಪತ್ತು ವರ್ಷ ನೇಮ ಹೂವಿನ ಹಾಗೆ ನಡೆಯಿತು. ರೇವಣಸಿದ್ಧಪ್ಪನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ, ಶ್ರಾವಣ ಸೋಮವಾರ ಹೆಂಡತಿ ದಿನವಿಡೀ ಹಸಿದಿರುವಾಗ ತಾನು ಉಣ್ಣುವುದು ಹೇಗೆಂದು ಒಮ್ಮೆ ಅವನೂ ಉಪವಾಸ ಕುಳಿತ. ಮಧ್ಯಾಹ್ನದೊಳಗೆ ಕಣ್ಣು ಕತ್ತಲೆಗಟ್ಟಿ ಅಂಗಳದಲ್ಲಿ ಬಿದ್ದ. "ನೇಮ ನಂದು, ಹೊಟ್ಟಿ ನಿಮ್ದು. ನೀವು ಸುಮ್ನ ಉಣ್ರಿ" ಎಂದು ಆಕೆ ಖಡಕ್ಕಾಗಿ ಹೇಳಿದಳು. ಅವನು ಮಾತು ಕೇಳಿದ.

ತೊಂದರೆ ಶುರುವಾದದ್ದು ಧನರಾಜ ಸಾವಕಾರರು ಅವನನ್ನು ಹೊರದೇಶಕ್ಕೆ ಕಳಿಸಿದ ಮೇಲೆ. ಸಾವಕಾರರದು ಬೇಳೆಯ ಮಿಲ್ಲು, ರೇವಣಸಿದ್ಧಪ್ಪ ಅಲ್ಲಿಯ ನೌಕರ. ನಮ್ಮ ತೊಗರಿ ಮಿಲ್ಲಿಗೆ ಸಾಲದೆ ಸಮುದ್ರದಾಚೆಯಿಂದ ತರಿಸುತ್ತಾರೆ. ಅಲ್ಲಿ ಮಾಲು ನೋಡಿ ಆರಿಸಲು ರೇವಣಸಿದ್ಧಪ್ಪನಿಗಿಂತ ಬೇರೆ ಕೈ ಯಾವುದು? ಸಂಕ್ರಾಂತಿ ಮುಗಿಸಿ ಹೋದರೆ ನಾಲ್ಕು ತಿಂಗಳಿಗೆ ಬರುತ್ತಿದ್ದ. ಆ ದೇಶದ ಹೆಸರನ್ನು ಶಿವಗಂಗಾಬಾಯಿ ಈಗ ಬಾಯಿಯಿಂದ ಆಡುವುದಿಲ್ಲ, ಆದ್ದರಿಂದ ಇಲ್ಲಿಯೂ ಬೇಡ.

ಮೊದಲೆರಡು ವರ್ಷ ವಾಟ್ಸಾಪಿನ ವಿಡಿಯೋದಲ್ಲಿ ನೇಮ ನಡೆಯಿತು. ಸೋಮವಾರ ಎಂಟಕ್ಕೆ ಸರಿಯಾಗಿ ಫೋನು ಬರುತ್ತಿತ್ತು. ಅಂಗೈ, ಲಿಂಗ, ಅದರ ಹಿಂದೆ ನಗುವ ಮುಖ. ಆಕೆ ಕೈಮುಗಿದು ತಂಬಿಗೆ ಎತ್ತುತ್ತಿದ್ದಳು. ಆಮೇಲೆ ಅಲ್ಲಿ ಸೈನ್ಯದವರು ಗಾದಿಗೆ ಕುಳಿತರು. ಕುಳಿತ ತಕ್ಷಣ ಮಾಡಿದ ಕೆಲಸವೆಂದರೆ ಜನ ಮಾತಾಡುವ ಬಾಗಿಲುಗಳನ್ನು ಒಂದೊಂದಾಗಿ ಹಾಕಿದ್ದು. ಫೇಸ್‌ಬುಕ್ ಬಂದ್, ವಾಟ್ಸಾಪ್ ಬಂದ್. ಆಗ ಮಗಳು ವೈಷ್ಣವಿ, ಉದಗೀರದಲ್ಲೇ ಬಿಎಸ್ಸಿ ಓದುವವಳು, ಸಾದಾ ಫೋನಿನಲ್ಲಿ ಅಪ್ಪನಿಗೆ ಒಂದೊಂದೇ ಗುಂಡಿ ಹೇಳಿಕೊಟ್ಟು ವಿಪಿಎನ್ ಅನ್ನುವುದನ್ನು ಹಾಕಿಸಿದಳು.

"ಅದು ಯಾನ್ ಬ್ಯಾನಿ?" ಎಂದು ತಾಯಿ ಕೇಳಿದಳು.

"ನಮ್ಮ ಕ್ವಾಟಿದಾಗ ಬೀದರಕ್ಕ ಸುರಂಗ ಅದ ಅಂತಾರಲ್ಲ ಅವ್ವಾ, ಹಂಗ. ಸರಕಾರ ಮುಂದಿನ ಬಾಕಲಾ ಹಾಕ್ಯಾದ. ಅಪ್ಪ ಸುರಂಗದಾಗಿಂದ ಮೂರನೇ ದೇಶಕ್ಕ ಹೋಗ್ತಾನ, ಅಲ್ಲಿಂದ ನಮ್ಮ ಮನಿಗಿ ಬರ್ತಾನ. ಸರಕಾರಕ್ಕ ಅಂವಾ ಎಲ್ಲಿಗಿ ಹೊಂಟಾನ ಕಾಣಂಗಿಲ್ಲ."

ಕೋಟೆಯ ಸುರಂಗವನ್ನು ಕಂಡವರು ಯಾರೂ ಇಲ್ಲ. ಇದು ಮಾತ್ರ ಕೆಲಸ ಮಾಡಿತು. ಆದರೆ ಸರಕಾರವೆಂದರೆ ಸುಮ್ಮನೆ ಕೂರುವ ಪೈಕಿಯೇ? ಜನ ಚಾಪೆಯ ಕೆಳಗೆ ತೂರಿದರೆ ಅದು ರಂಗೋಲಿಯ ಕೆಳಗೆ ತೂರುತ್ತದೆ. ಮೊದಲು ಸುರಂಗಗಳ ಬಾಯಿ ಎಲ್ಲೆಲ್ಲಿವೆ ಎಂದು ಪಟ್ಟಿ ಮಾಡಿ ಮುಚ್ಚಿತು. ಸುರಂಗದವರು ಬೇರೆ ಕಡೆ ಬಾಯಿ ತೆಗೆದರು. ಅದನ್ನೂ ಮುಚ್ಚಿತು. ಆ್ಯಪ್‌ಗಳ ಅಂಗಡಿಯಲ್ಲಿ ವಿಪಿಎನ್ ಸಿಗದ ಹಾಗೆ ಮಾಡಿತು, ಜನ ಒಬ್ಬರ ಫೋನಿನಿಂದ ಒಬ್ಬರು ತೆಗೆದುಕೊಂಡರು. ಕಡೆಗೆ ಎಲ್ಲಿಂದಲೋ ಒಂದು ಯಂತ್ರ ತಂದಿತು. ಅದರ ಬಗ್ಗೆ ಹೇಳುವಾಗ ರೇವಣಸಿದ್ಧಪ್ಪನಿಗೇ ನಗು ಬಂತು.

"ನಾ ಚೀಲ ಬಿಚ್ಚದೇ ತೊಗರಿ ಹೇಳ್ತೀನಲ್ಲ, ಇವರ ಮಶೀನೂ ಹಂಗೇ ಅದ. ಒಳಗ ನಾ ನಿನಗ ಯಾನ್ ಅಂದೆ ಅದಕ್ಕ ಗೊತ್ತಾಗಂಗಿಲ್ಲ. ಮಾಲಿನ ಗಾತ್ರ, ಹೋಗೋ ನಮೂನಿ ನೋಡಿ ಇದು ಸುರಂಗದ ಮಾಲು ಅಂತ ಹಿಡಿತದ. ಅಲ್ಲೇ ತಡದ ಬಿಡ್ತದ. ನನ್ನ ವಿದ್ಯಾ ನನಗೇ ತಿರುಗಿ ಬಂತು ನೋಡು."

ಹೋದ ವರ್ಷದ ಹೊತ್ತಿಗೆ ಹತ್ತರಲ್ಲಿ ಎಂಟು ವಿಪಿಎನ್ ಸತ್ತಿದ್ದವು. ಬದುಕಿದ್ದವೂ ಒಂದು ದಿನ ಹತ್ತಿದರೆ ಒಂದು ದಿನ ಹತ್ತುತ್ತಿರಲಿಲ್ಲ. ಸಾದಾ ಫೋನು ಬರುತ್ತಿತ್ತು, ದನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಸೋಮವಾರ ಮನೆಗೆ ಪಾದೋದಕ ಕೊಡಲು ಬರುವ ಜಂಗಮ ರಾಚಯ್ಯನವರು ಒಳ್ಳೆಯ ಮಾತೇ ಹೇಳಿದರು: "ತಂಗಿ, ಫೋಟೋ ನೋಡಿ ನೀರ ತಗೋ. ಶಿವಾ ಯಾನ್ ಸಿಟ್ಟ ಆಗಂಗಿಲ್ಲ."

"ಫೋಟೋದಾಗ ಹಳೇ ಮಾರಿ ಇರ್ತದ ಅಯ್ಯನೋರೆ. ನನಗ ಇವತ್ತಿಂದು ಬೇಕು," ಅಂದಳು ಶಿವಗಂಗಾಬಾಯಿ. ಎಪ್ಪತ್ತು ರೊಟ್ಟಿ ತಟ್ಟಿದವಳಲ್ಲವೇ.

ಆಕೆಗೆ ತಿಳಿಯದ ಸಂಗತಿ ಒಂದಿತ್ತು. ಯಂತ್ರಕ್ಕೆ ಸಿಗದ್ದನ್ನು ಹಿಡಿಯಲು ಆ ದೇಶದಲ್ಲಿ ಈಗ ಸಿಪಾಯಿಗಳು ರಸ್ತೆಗೆ ಇಳಿದಿದ್ದರು. ಸೇತುವೆ, ಬಸ್ ನಿಲ್ದಾಣ, ಎಲ್ಲೆಂದರಲ್ಲಿ ಜನರನ್ನು ನಿಲ್ಲಿಸಿ ಫೋನು ಇಸಿದುಕೊಂಡು ಬೆರಳಾಡಿಸಿ ನೋಡುತ್ತಿದ್ದರು. ವಿಪಿಎನ್ ಕಂಡರೆ ದಂಡ, ದಂಡಕ್ಕೆ ಮುಗಿಯದಿದ್ದರೆ ಠಾಣೆ. ಆದ್ದರಿಂದ ರೇವಣಸಿದ್ಧಪ್ಪ ಸೋಮವಾರ ಬೆಳಗ್ಗೆ ವಿಪಿಎನ್ ಹಾಕಿಕೊಂಡು, ಹೆಂಡತಿಗೆ ಮುಖ ತೋರಿಸಿ, ಕೋಣೆಯಿಂದ ಹೊರಬೀಳುವ ಮೊದಲು ಅಳಿಸಿಬಿಡುತ್ತಿದ್ದ. ಇದು ಗೊತ್ತಿದ್ದದ್ದು ವೈಷ್ಣವಿಗೆ ಮಾತ್ರ. "ನಿಮ್ಮ ಅವ್ವಗ ಹೇಳಬ್ಯಾಡ, ಅಂಜ್ತಾಳ" ಎಂದು ಅವನು ಆಣೆ ಹಾಕಿಸಿದ್ದ.

ಚೈತ್ರದ ಒಂದು ಸೋಮವಾರ ಎಂಟಾಯಿತು, ವಿಡಿಯೋ ಬರಲಿಲ್ಲ. ಒಂಬತ್ತಕ್ಕೆ ಸಾದಾ ಫೋನು ಬಂತು.

"ಇವತ್ತ ಯಾವುದೂ ಹತ್ತವಲ್ದು. ಒಂದ ಬಿಟ್ಟು ಇನ್ನೊಂದ ಹಾಕೀನಿ, ಅದೂ ಇಲ್ಲ. ಬಿಸಲ ಭಾಳ ಅದ ಅಲ್ಲಿ. ನೀ ನೀರ ಕುಡಿ."

"ನನ್ನ ಕಾಳಜಿ ಮಾಡಬ್ಯಾಡ್ರಿ," ಅಂದಳು ಆಕೆ. "ನಾ ಕಾಯ್ತೀನಿ."

ಪ್ರೀತಿಯಿಂದಲೇ ಅಂದಳು, ದೇವರಾಣೆಗೂ ಪ್ರೀತಿಯಿಂದ. ಆದರೆ ಗಂಟಲು ಒಣಗಿದ ಹೆಂಡತಿ "ಕಾಯ್ತೀನಿ" ಅಂದರೆ ದೂರದೇಶದಲ್ಲಿ ಇರುವ ಗಂಡನಿಗೆ ಕೈಕಾಲು ಆಡುತ್ತದೆಯೇ? ಉದಗೀರದಲ್ಲಿ ಅವತ್ತು ಹಂಚಿನ ಮೇಲೆ ಕಾಲಿಟ್ಟಂಥ ಬಿಸಿಲು. ಹನ್ನೆರಡಕ್ಕೆ ಆಕೆ ಗೋಡೆಗೊರಗಿ ಕುಳಿತಳು. ಒಂದಕ್ಕೆ ಮಲಗಿದಳು. ಮೂರಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ವಿಡಿಯೋ ಬಂತು. ರೇವಣಸಿದ್ಧಪ್ಪ ತನ್ನ ಕೋಣೆಯಲ್ಲಿರಲಿಲ್ಲ. ಯಾರದೋ ಕಟ್ಟೆಯ ಮೇಲೆ, ಮರದ ನೆರಳಲ್ಲಿ ಕುಳಿತಿದ್ದ, ಬೆವರು ಇಳಿಯುತ್ತಿತ್ತು. ಅಂಗೈಯಲ್ಲಿ ಲಿಂಗವಿತ್ತು.

"ಕಂಡೀನೇನು?"

"ಕಂಡ್ರಿ."

"ಕುಡಿ ಈಗ. ನಾನೂ ನೋಡ್ತೀನಿ."

ಆಕೆ ಅವನ ಮುಂದೆಯೇ ತಂಬಿಗೆ ಎತ್ತಿ ಗಟಗಟ ಕುಡಿದಳು. ಅವನು ನಕ್ಕ. ಚಿತ್ರ ಅಲ್ಲೇ ನಿಂತಿತು, ಆಮೇಲೆ ಹೋಯಿತು. ಆಕೆಗೆ ಅವತ್ತು ಹೆಮ್ಮೆಯಾಗಿತ್ತು. ನೆರೆಯವರಿಗೆ ಹೇಳಿಯೂ ಹೇಳಿದಳು: ನಮ್ಮ ಮಾಲಕರು ನನ್ನ ನೇಮಕ್ಕಾಗಿ ಊರೆಲ್ಲ ತಿರುಗಿ ಸುರಂಗ ಹುಡುಕಿದರು ಅಂತ.

ಬುಧವಾರ ಧನರಾಜ ಸಾವಕಾರರು ತಾವೇ ಮನೆಗೆ ಬಂದರು. ನೌಕರರ ಮನೆಯ ಹೊಸ್ತಿಲು ಅವರು ತುಳಿದದ್ದು ಅದೇ ಮೊದಲು. ಚಹಾ ಬೇಡ ಅಂದರು.

"ಅಕ್ಕಾ, ಅಂಜಬ್ಯಾಡ್ರಿ. ಸಿದ್ಧಪ್ಪಗ ಸೋಮವಾರ ದಿನ ಹಿಡದಾರ. ನಮ್ಮ ನೀಲೇಶ ಇವತ್ತ ಫೋನ ಮಾಡಿದ್ದ."

ನೀಲೇಶ ಉಮರ್ಗಾದ ಹುಡುಗ, ಅಲ್ಲಿನ ಗೋದಾಮಿನಲ್ಲಿ ಸಾವಕಾರರ ಗುಮಾಸ್ತ. ಅವನು ತಿಳಿದುಕೊಂಡದ್ದು ಇಷ್ಟು. ರೇವಣಸಿದ್ಧಪ್ಪ ಊರಿನ ಇನ್ನೊಂದು ತುದಿಯಲ್ಲಿ ನೆಟ್‌ವರ್ಕು ಹತ್ತುತ್ತದೆಂದು ಯಾರೋ ಹೇಳಿದರು ಅಂತ ಫೋನು ಹಿಡಿದು ಹೋಗಿದ್ದ. ಹೆಂಡತಿ ನೀರು ಕುಡಿದದ್ದನ್ನು ಕಂಡು, ಎರಡಕ್ಕೇ ತಲುಪಬೇಕಿದ್ದ ಗೋದಾಮಿಗೆ ತಡವಾಯಿತೆಂದು ಗಡಿಬಿಡಿಯಲ್ಲಿ ಹೊರಟ. ಅಳಿಸುವುದು ಮರೆತ. ಸೇತುವೆಯ ಮೇಲೆ ಸಿಪಾಯಿಗಳು ನಿಲ್ಲಿಸಿದರು. ಫೋನಿನಲ್ಲಿ ಮೂರು ವಿಪಿಎನ್ ಇದ್ದವು. ಒಂದಿದ್ದರೆ ದಂಡ ಹಾಕಿ ಬಿಡುತ್ತಿದ್ದರೋ ಏನೋ. ಮೂರು ಇದ್ದವನು ಯಾರ ಕಡೆಯವನು, ಯಾರಿಗೆ ಸುದ್ದಿ ಒಯ್ಯುತ್ತಾನೆ, ಬರೀ ತೊಗರಿ ನೋಡುವವನಿಗೆ ಮೂರು ಯಾಕೆ ಬೇಕು?

"ಮೂರು ಯಾಕ ಬೇಕಾದವು ಅಂತ ನನಗ ಗೊತ್ತದ," ಅಂದಳು ಶಿವಗಂಗಾಬಾಯಿ.

ಸಾವಕಾರರು ಹೋದ ಮೇಲೆ ವೈಷ್ಣವಿ ಅಳುತ್ತ ಎಲ್ಲ ಹೇಳಿದಳು. ರಸ್ತೆಯ ತಪಾಸಣೆ, ಅಳಿಸುವುದು, ಆಣೆ. ತಾಯಿಯ ಕೈ ಏಳಲು ಹೋಯಿತು.

"ನೀ ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ ನೀ ನೇಮ ಬಿಡ್ತಿದ್ದಿಯೇನವ್ವಾ?"

ಕೈ ಕೆಳಗಿಳಿಯಿತು. ಬಿಡುತ್ತಿದ್ದೆ ಅನ್ನಲು ಬಾಯಿ ತೆರೆದಳು, ಸುಳ್ಳಾದೀತೆಂದು ಮುಚ್ಚಿದಳು. ಆ ಪ್ರಶ್ನೆ ಈಗಲೂ ಆಕೆಯ ತಲೆಯಲ್ಲಿ ರಾಟೆಯ ಹಾಗೆ ತಿರುಗುತ್ತದೆ. ಬಿಡುತ್ತಿದ್ದೆನೇ?

ಆಮೇಲೆ ಓಡಾಟ. ಮರಾಠಿಯಲ್ಲಿ ಒಂದು ಅರ್ಜಿ, ಇಂಗ್ಲಿಷಿನಲ್ಲಿ ಒಂದು, ಮೇಲಿನ ಆಫೀಸಿಗೆ ಒಂದು, ಅದರ ಮೇಲಿನದಕ್ಕೆ ಒಂದು. ನಿಲಂಗಾದ ಒಬ್ಬ ಪುಢಾರಿ ಆಕೆಯ ಕೈಯಿಂದ ಅರ್ಜಿ ತೆಗೆದುಕೊಳ್ಳುವ ಫೋಟೋ ಹೊಡೆಸಿ ಅದೇ ದಿನ ವಾಟ್ಸಾಪಿನಲ್ಲಿ ಊರಿಗೆಲ್ಲ ಹಂಚಿದ; ಅರ್ಜಿ ಎಲ್ಲಿಗೆ ಹೋಯಿತೋ ಆ ಶಿವನಿಗೇ ಗೊತ್ತು. ದಿಲ್ಲಿಯಿಂದ ಒಂದು ಕಾಗದ ಬಂತು. ವಿಷಯ ಗಮನದಲ್ಲಿದೆ, ಸಂಬಂಧಪಟ್ಟವರ ಜೊತೆ ಮಾತುಕತೆ ನಡೆದಿದೆ. ವೈಷ್ಣವಿ ಅದನ್ನು ಕನ್ನಡ ಮಾಡಿ ಹೇಳಿದಳು, ತಾಯಿ ಇನ್ನೊಮ್ಮೆ ಓದು ಅಂದಳು, ಇನ್ನೊಮ್ಮೆ ಓದಿದರೂ ಅಷ್ಟೇ ಇತ್ತು. ಸಾವಕಾರರು ಕೈ ಬಿಡಲಿಲ್ಲ, ಅವರಿಂದಾದದ್ದು ಮಾಡಿದರು. ಆದರೆ ಯಾರ ಮೇಲೆ ಸಿಟ್ಟು ಮಾಡುವುದು? ಬಡವನ ಸಿಟ್ಟು ದವಡೆಗೆ ಮೂಲ. ಕಾಣದ ಯಂತ್ರಕ್ಕೆ, ಹೆಸರು ಗೊತ್ತಿಲ್ಲದ ಸಿಪಾಯಿಗೆ ಶಾಪ ಹಾಕಿದರೆ ಅದು ಸಮುದ್ರ ದಾಟಿ ಹೋಗುತ್ತದೆಯೇ?

ಅವನನ್ನು ಹಿಡಿದ ಮೇಲಿನ ಮೊದಲ ಸೋಮವಾರ ಶಿವಗಂಗಾಬಾಯಿ ಸಂಜೆಯ ತನಕ ನೀರು ಮುಟ್ಟಲಿಲ್ಲ. ಮುಟ್ಟಲಾರದೆಯೋ, ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡಳೋ, ಆಕೆಗೇ ತಿಳಿಯದು. ಸಂಜೆ ರಾಚಯ್ಯನವರು ಬಂದು ಎದುರಿಗೆ ಕುಳಿತರು.

"ತಂಗಿ, ಅಂವಾ ಅಲ್ಲಿ ಯಾನ್ ನೆನಸ್ಲತಾನ ಗೊತ್ತದ ಏನು? ಇವತ್ತ ಸೋಮವಾರ, ಆಕಿ ನೀರ ಕುಡದಿಲ್ಲ ಅಂತ. ಕಟ್ಟಿ ಹಾಕಿದ ಮನಷಾಗ ಇನ್ನೊಂದು ಕಟ್ಟ ಯಾಕ ಹಾಕ್ತಿ?"

ಆ ಮಾತು ನಾಟಿತು. ಮುಂದಿನ ಸೋಮವಾರ ಬೆಳಗ್ಗೆ ಆರಕ್ಕೆ ಶಿವಗಂಗಾಬಾಯಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ನೀರು ಕುಡಿದಳು. ಇಪ್ಪತ್ತಾರು ವರ್ಷದ ನೇಮ ಒಂದು ಗುಟುಕಿನಲ್ಲಿ ಮುಗಿಯಿತು. ಆದರೂ ಕುಡಿದಳು, ಒಂಬತ್ತಕ್ಕೆ ರೊಟ್ಟಿಯನ್ನೂ ತಿಂದಳು, ಅವನ ನೆಮ್ಮದಿಗಾಗಿ.

ಈಗ ಅದನ್ನು ಅವನಿಗೆ ತಿಳಿಸಬೇಕಲ್ಲ? ವೈಷ್ಣವಿ ತಾಯಿಯ ದನಿ ತುಂಬಿ ಅಪ್ಪನ ನಂಬರಿಗೆ ಕಳಿಸಿದಳು: "ನಾ ನೇಮ ಬಿಟ್ಟೀನ್ರಿ. ನೀರ ಕುಡದೀನಿ, ಉಂಡೀನಿ. ನೀವು ನನ್ನ ಚಿಂತಿ ಮಾಡಬ್ಯಾಡ್ರಿ." ಫೋನು ಸಿಪಾಯಿಗಳ ಕಪಾಟಿನಲ್ಲಿತ್ತು, ಸಂದೇಶ ಅವನಿಗೆ ಮುಟ್ಟದೆ ಒಂದೇ ಗೀಟು ತೋರಿಸುತ್ತ ನಿಂತಿತು. ನೀಲೇಶನಿಗೆ ಹೇಳಿದರು. ಅವನು ವಾರಕ್ಕೊಮ್ಮೆ ಜೇಲಿನ ಗೇಟಿಗೆ ಊಟ, ಸಕ್ಕರೆ ಕಾಯಿಲೆಯ ಗುಳಿಗೆ ಒಯ್ಯುತ್ತಿದ್ದ, ಪಾಪ, ಅಷ್ಟು ಧೈರ್ಯ ಮಾಡಿದ್ದೇ ಹೆಚ್ಚು. "ಕಾಕೂ, ಭೇಟಿ ಇಲ್ಲ. ಚಿಟ್ಟಿ ಕೊಟ್ಟರ ಹರಿದು ಒಗಿತಾರ. ಪೊಟ್ಟಣ ಅಷ್ಟೇ ಒಳಗ ಹೋಗ್ತದ" ಅಂದ. ದಿಲ್ಲಿಯ ಆಫೀಸಿನ ಸಾಹೇಬರಿಗೆ ಫೋನಿನಲ್ಲಿ ಕೇಳಿಕೊಂಡರೆ, ಅವರು ಸಭ್ಯರೇ, "ಬಾಯಿ, ನಾವು ವಕೀಲ, ಆರೋಗ್ಯ ಇಷ್ಟೇ ಕೇಳಬಹುದು, ಖಾಸಗಿ ಸಂದೇಶ ಮುಟ್ಟಿಸಲು ಆಗುವುದಿಲ್ಲ" ಅಂದರು. ಒಂದು ಸಾಲು. ಆಕಿ ನೀರು ಕುಡಿದಾಳ. ಅಷ್ಟನ್ನು ಹೊತ್ತು ಹೋಗುವ ದಾರಿ ಇಡೀ ಭೂಮಿಯ ಮೇಲೆ ಇರಲಿಲ್ಲ.

ಕಡೆಗೆ ಆಕೆಯೇ ಒಂದು ಸುರಂಗ ತೋಡಲು ಹೋದಳು. ಪೊಟ್ಟಣ ಒಳಗೆ ಹೋಗುತ್ತದಲ್ಲ, ಹಾಗಾದರೆ ಸೋಮವಾರ ದಿನವೇ ಜೋಳದ ರೊಟ್ಟಿ ಕಳಿಸಿದರೆ? ಸೋಮವಾರ ಮನೆಯಿಂದ ರೊಟ್ಟಿ ಬಂತೆಂದರೆ ಹೆಂಡತಿ ಉಂಡಳೆಂದು ಅವನು ತಿಳಿಯಬಹುದು. ಮುಟ್ಟಿ ನೋಡಿ ತೊಗರಿಯ ಊರು ಹೇಳುವವನಿಗೆ ಇಷ್ಟು ತಿಳಿಯದೇ? ನೀಲೇಶ ಎಲ್ಲಿಂದಲೋ ಹಿಟ್ಟು ಹೊಂದಿಸಿ ಒಂದು ಹೆಂಗಸಿನ ಕೈಲಿ ರೊಟ್ಟಿ ಮಾಡಿಸಿಕೊಂಡು ಸೋಮವಾರ ಗೇಟಿಗೆ ಹೋದ. ಪೊಟ್ಟಣ ತೆಗೆದುಕೊಳ್ಳುವುದು ಗುರುವಾರ ಮಾತ್ರವಂತೆ. ತಿರುಗಿ ಕಳಿಸಿದರು.

ಆಷಾಢ ಬಂತು. ಹೊಲಗಳಲ್ಲಿ ಸೋಯಾಬೀನು ಎರಡೆಲೆ ಒಡೆದಿತ್ತು. ಒಂದು ಸೋಮವಾರ ಹತ್ತು ಗಂಟೆಗೆ ಶಿವಗಂಗಾಬಾಯಿ ಉಂಡು ಕೈ ತೊಳೆಯುವಾಗ ನೀಲೇಶನ ಫೋನು ಬಂತು. ದನಿಯಲ್ಲಿ ಉತ್ಸಾಹವಿತ್ತು, ಬಹಳ ದಿನದ ಮೇಲೆ ಹೇಳಲು ಅವನಿಗೊಂದು ಸುದ್ದಿ ಸಿಕ್ಕಿತ್ತು.

"ಕಾಕೂ, ಕಾಕಾಂದು ಸುದ್ದಿ ಬಂದದ. ಅವರ ಖೋಲಿದಾಗ ಇದ್ದಾಂವ ಒಬ್ಬ ಡ್ರೈವರ ನಿನ್ನಿ ಬಿಟ್ಟ ಬಂದಾನ. ಕಾಕಾ ಜೀವಂತ ಹರ್."

ಶಿವಗಂಗಾಬಾಯಿ ಒದ್ದೆ ಕೈಯಲ್ಲೇ ಫೋನನ್ನು ಕಿವಿಗೆ ಒತ್ತಿಕೊಂಡಳು. "ಹ್ಯಾಂಗ ಹರಪ್ಪಾ? ಉಣ್ತಾರ? ಗುಳಿಗಿ ತಗೋತಾರ?"

"ಗುಳಿಗಿ ತಗೋತಾರಂತ. ಸಣ್ಣ ಆಗ್ಯಾರಂತ. ಅಲ್ಲಿ ಎಲ್ಲರೂ ಅವರಿಗಿ ಮರ್ಯಾದಿ ಕೊಡ್ತಾರಂತ ಕಾಕೂ. ವಾರದಾಗ ಒಂದ ದಿನ, ಸೋಮವಾರ, ಅನ್ನ ಮುಟ್ಟಂಗಿಲ್ಲ, ನೀರ ಸುದ್ದಾ ಮುಟ್ಟಂಗಿಲ್ಲ. ಎರಡ ಸಲ ಕಣ್ಣ ಕತ್ತಲಿ ಬಂದು ಬಿದ್ದಾರಂತ, ಆದ್ರೂ ಬಿಟ್ಟಿಲ್ಲ. ಯಾಕ ಅಂತ ಕೇಳಿದ್ರ, ಮನ್ಯಾಗ ಆಕಿ ಕುಡದಿಲ್ಲ, ನಾ ಹ್ಯಾಂಗ ಕುಡೀಲಿ ಅಂತಾರಂತ."

ಮುಂದೆ ನೀಲೇಶ ಏನೇನೋ ಹೇಳಿದ, ವಕೀಲ, ತಾರೀಖು, ಮತ್ತೆ ಗುರುವಾರ ಹೋಗುವುದು. ಆಮೇಲೆ ಫೋನು ಇಟ್ಟ. ಅಲ್ಲಿ ಈಗ ಹನ್ನೊಂದಾಗಿರಬೇಕು. ಬಿಸಿಲು ಏರುವ ಹೊತ್ತು.

"ನಾ ಉಂಡೀನಿ ಅಂತ ಅವರಿಗಿ ಯಾರರೆ ಹೇಳ್ರಿ," ಅಂದಳು ಶಿವಗಂಗಾಬಾಯಿ. ಇನ್ನೊಮ್ಮೆ, ಜೋರಾಗಿ ಅಂದಳು. ಮನೆಯಲ್ಲಿ ವೈಷ್ಣವಿ ಒಬ್ಬಳೇ ಇದ್ದಳು.